ಇಸುಬು: ಕೆರೆದಷ್ಟೂ ಹೆಚ್ಚುವ ತುರಿಕೆ

ಮುಂಗಾರು ಶುರುವಾಗಿ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡು ಹೂವು ಅರಳಿತೆಂದರೆ ಊಟಿ, ವಯನಾಡು ಕಡೆಗೆ ಹೋಗುವ ಕಾರುಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಜನ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ವಾರಗಳಲ್ಲಿ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಇನ್ನೊಂದು ಸಾಲು ಕುಳಿತಿರುತ್ತದೆ. ರೆಪ್ಪೆ ಊದಿದವರು, ಕತ್ತಿನ ಚರ್ಮ ಕಪ್ಪಾಗಿ ಆನೆಯ ಚರ್ಮದಂತೆ ದಪ್ಪಗಾದವರು, ಮೊಣಕೈ ಮಡಿಕೆಯಲ್ಲಿ ನೀರು ಸೋರುತ್ತಿರುವವರು. ಹೆಚ್ಚಿನವರು ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಹಕೀಂ ಸಾಬ್, ರಕ್ತ ಕೆಟ್ಟಿದೆಯಾ?"

ರಕ್ತ ಕೆಟ್ಟಿಲ್ಲ. ಇದು ಇಸುಬು. ಉರ್ದುವಿನಲ್ಲಿ ಛಾಜನ್, ಆಸ್ಪತ್ರೆಯ ಚೀಟಿಯಲ್ಲಿ ಎಕ್ಸಿಮಾ ಅಥವಾ ಡರ್ಮಟೈಟಿಸ್. ನಮ್ಮ ಯುನಾನಿ ಗ್ರಂಥಗಳಲ್ಲಿ ಇದನ್ನು 'ನಾರ್-ಎ-ಫಾರ್ಸಿ' ಎಂಬ ಹೆಸರಿನಡಿ ಓದುತ್ತೇವೆ. ಹಾಗೆಂದರೆ ಪಾರಸಿಯ ಬೆಂಕಿ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಈ ಹೆಸರಿನಿಂದ ವಿವರಿಸಿರುವುದು ಉರಿಯುವ, ಗುಳ್ಳೆಯೇಳುವ ಚರ್ಮರೋಗವನ್ನು. ಅವರು ತೀರಿಕೊಂಡದ್ದು 1037ರಲ್ಲಿ. ಸಾವಿರ ವರ್ಷ ಕಳೆದರೂ ರೋಗಿಯ ಬಾಯಿಂದ ಬರುವ ಮಾತು ಅದೇ: "ಬೆಂಕಿ ಇಟ್ಟ ಹಾಗೆ ಆಗುತ್ತದೆ."

ಮೊದಲು ಮೂರು ರೋಗಗಳನ್ನು ಬೇರೆ ಮಾಡಿಕೊಳ್ಳಿ

ನಮ್ಮ ಮನೆಗಳಲ್ಲಿ ತುರಿಸುವುದಕ್ಕೆಲ್ಲಾ 'ಕಜ್ಜಿ' ಎನ್ನುತ್ತೇವೆ. ಅಲ್ಲಿಂದಲೇ ತಪ್ಪು ಔಷಧಿ ಶುರುವಾಗುತ್ತದೆ. ನಿಜವಾದ ಕಜ್ಜಿ ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ. ರಾತ್ರಿ ಹಾಸಿಗೆ ಬೆಚ್ಚಗಾದ ಮೇಲೆ ತುರಿಕೆ ಜೋರಾಗುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳಿರುತ್ತವೆ. ಮುಖ್ಯವಾಗಿ ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಇರುತ್ತದೆ. ಅದಕ್ಕೆ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು, ಬಟ್ಟೆ ಹಾಸಿಗೆಯನ್ನು ಬಿಸಿನೀರಿನಲ್ಲಿ ತೊಳೆಯಬೇಕು.

ಗಜಕರ್ಣ, ಅಂದರೆ ಹುಳುಕಡ್ಡಿ, ಶಿಲೀಂಧ್ರದಿಂದ ಬರುವುದು. ಬಳೆಯಂತೆ ದುಂಡಗೆ, ಅಂಚು ಉಬ್ಬಿ, ನಡುವೆ ತಿಳಿಯಾಗಿರುತ್ತದೆ. ತೊಡೆ ಸಂದು, ಸೊಂಟದ ಲಾಡಿ ಕಟ್ಟುವ ಜಾಗದಲ್ಲಿ ಹೆಚ್ಚು. ಇದೂ ಅಂಟುವ ರೋಗ.

ಇಸುಬು ಅಂಟುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ. ಕೈಗೆ ಇಸುಬಿದೆ ಎಂದು ಸೊಸೆಯ ಕೈಯ ರೊಟ್ಟಿ ಬೇಡವೆಂದ ಮನೆ ನನಗೆ ಗೊತ್ತು. ಕತ್ತಿನ ಮೇಲಿನ ಕಲೆ ನೋಡಿ ಮುರಿದುಬಿದ್ದ ನಿಕಾಹ್ ಮಾತುಕತೆಯೂ ಗೊತ್ತು. ಆ ಹುಡುಗಿಯ ತಂದೆ ನನ್ನ ಮುಂದೆ ಕುಳಿತು ಕಣ್ಣೊರೆಸಿಕೊಂಡದ್ದು ಇಂದಿಗೂ ಮರೆತಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೂ, ಒಂದೇ ಟವೆಲ್ ಬಳಸಿದರೂ ಇಸುಬು ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ.

ಚರ್ಮದಲ್ಲಿ ಆಗುವುದೇನು?

ನಮ್ಮ ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಗಾರೆ ಉದುರಿದರೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸಾಬೂನು, ಕೀಟಾಣು ಒಳಗೆ ನುಗ್ಗುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅವುಗಳ ವಿರುದ್ಧ ಯುದ್ಧ ಹೂಡುತ್ತದೆ. ಕೆಂಪು, ಊತ, ತುರಿಕೆ ಎಲ್ಲವೂ ಆ ಯುದ್ಧದ ಹೊಗೆ. ಕೆರೆದಾಗ ಇನ್ನಷ್ಟು ಗಾರೆ ಉದುರುತ್ತದೆ, ತುರಿಕೆ ಇನ್ನೂ ಹೆಚ್ಚುತ್ತದೆ, ಮತ್ತೆ ಕೆರೆಯುತ್ತೇವೆ. ಈ ಗಾಣ ನಿಲ್ಲಿಸುವುದೇ ಚಿಕಿತ್ಸೆಯ ಅರ್ಧ ಭಾಗ.

ಕೆಲವು ಮಕ್ಕಳಲ್ಲಿ ಈ ಗಾರೆ ಹುಟ್ಟಿನಿಂದಲೇ ತೆಳುವು. ಅಂಥ ಮನೆಗಳಲ್ಲಿ ಕೇಳಿ ನೋಡಿ, ತಂದೆಗೆ ದಮ್ಮು, ತಾಯಿಗೆ ಬೆಳಗಾದರೆ ಸೀನು, ಅಜ್ಜಿಗೆ ಕಣ್ಣು ತುರಿಕೆ, ಏನಾದರೊಂದು ಇದ್ದೇ ಇರುತ್ತದೆ. ಮಗುವಿಗೆ ಕೆಲವು ತಿಂಗಳು ತುಂಬುವಾಗ ಕೆನ್ನೆ ಕೆಂಪಾಗಿ ನೀರು ಜಿನುಗುತ್ತದೆ. ನಡೆಯಲು ಕಲಿತ ಮೇಲೆ ಅದು ಮೊಣಕೈ, ಮೊಣಕಾಲ ಹಿಂದಿನ ಮಡಿಕೆಗೆ ಇಳಿಯುತ್ತದೆ. ಬಹುಪಾಲು ಮಕ್ಕಳಲ್ಲಿ ವಯಸ್ಸಿಗೆ ಬರುವ ಹೊತ್ತಿಗೆ ಕಡಿಮೆಯಾಗುತ್ತದೆ. ಆದರೆ 'ದೊಡ್ಡವನಾದ ಮೇಲೆ ಹೋಗುತ್ತೆ ಬಿಡಿ' ಎಂದು ಸುಮ್ಮನಿದ್ದರೆ ಆ ಮಗುವಿಗೂ ನಿದ್ದೆಯಿಲ್ಲ, ತಾಯಿಗೂ ನಿದ್ದೆಯಿಲ್ಲ.

ನಮ್ಮ ಹೊಲಗಳ ಕಥೆ

ದೊಡ್ಡವರಲ್ಲಿ ಬರುವ ಇಸುಬಿಗೆ ಬಹಳ ಸಲ ಹೊರಗಿನ ಕಾರಣವಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಾರ್ಥೇನಿಯಂ, ನಮ್ಮ ರೈತರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ ಭಾರತದಲ್ಲಿ ಹರಡಿದ್ದು 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂತು. 1970ರ ದಶಕದ ಹೊತ್ತಿಗೆ ಬೆಂಗಳೂರಿನ ವೈದ್ಯರು ಇದರಿಂದ ಬರುವ ಚರ್ಮರೋಗದ ಬಗ್ಗೆ ಬರೆಯತೊಡಗಿದ್ದರು. 1984ರಲ್ಲಿ ಬೆಂಗಳೂರಿನಲ್ಲಿ ಇದನ್ನು ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು ಬಿಟ್ಟರು. ಜೀರುಂಡೆ ಇಂದಿಗೂ ಮಳೆಗಾಲದಲ್ಲಿ ಎಲೆ ತಿನ್ನುತ್ತಿದೆ, ಗಿಡವೂ ಇಂದಿಗೂ ಬೆಳೆಯುತ್ತಿದೆ! ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವಾಗ ಬೇರೇನು ನಿರೀಕ್ಷಿಸಲಾದೀತು?

ಈ ಗಿಡದ ಎಲೆ, ಕಾಂಡ, ಹೂವಿನ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಗಿಡ ಒಣಗಿ ಪುಡಿಯಾದ ಮೇಲೂ ಅದು ಗಾಳಿಯಲ್ಲಿ ತೇಲಿ ಬಂದು ಬೆವರಿದ ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಯ ಮೇಲೆ ಕೂರುತ್ತದೆ. ಆದ್ದರಿಂದ 'ನಾನು ಗಿಡ ಮುಟ್ಟೇ ಇಲ್ಲ' ಎನ್ನುವವರಿಗೂ ಬರುತ್ತದೆ. ವರ್ಷಗಟ್ಟಲೆ ಏನೂ ಆಗದೆ ಕಿತ್ತು ಬಿಸಾಡಿದ ರೈತನಿಗೆ ನಲವತ್ತನೇ ವಯಸ್ಸಿನಲ್ಲಿ ಒಮ್ಮೆ ಶುರುವಾಗಬಹುದು. ಒಮ್ಮೆ ದೇಹ ಅದನ್ನು ಶತ್ರುವೆಂದು ಗುರುತು ಹಿಡಿಯಿತೆಂದರೆ ಮರೆಯುವುದು ಕಷ್ಟ.

ಇನ್ನು ಓದುಗರಿಗೆ ಅಚ್ಚರಿಯಾಗುವ ವಿಷಯ. ಚೆಂಡು ಹೂವು, ಸೇವಂತಿಗೆ, ಸೂರ್ಯಕಾಂತಿ, ಈ ಕಾಂಗ್ರೆಸ್ ಗಿಡ, ಎಲ್ಲವೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ. ಅಣ್ಣತಮ್ಮಂದಿರ ಮುಖ ಒಂದೇ ಬಗೆ ಇರುವಂತೆ ಇವುಗಳೊಳಗಿನ ಕೆಲವು ವಸ್ತುಗಳೂ ಒಂದನ್ನೊಂದು ಹೋಲುತ್ತವೆ. ಪಾರ್ಥೇನಿಯಂಗೆ ಅಲರ್ಜಿ ಆದವರಲ್ಲಿ ಕೆಲವರಿಗೆ ಚೆಂಡು ಹೂವು ಬಿಡಿಸುವಾಗ, ಸೇವಂತಿಗೆ ಕಟ್ಟುವಾಗಲೂ ಕೆರಳುತ್ತದೆ. ಗುಂಡ್ಲುಪೇಟೆಯ ಚೆಂಡು ಹೂವು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ, ಅನೇಕ ಮನೆಗಳ ಒಲೆ ಉರಿಯುವುದು ಆ ಕೂಲಿಯಿಂದ. ಹಾಗಾಗಿ 'ಹೊಲಕ್ಕೆ ಹೋಗಬೇಡಿ' ಎನ್ನುವುದು ನನಗೆ ಸುಲಭ, ಅವರಿಗೆ ಅಸಾಧ್ಯ. ಹೋಗುವವರು ಉದ್ದ ತೋಳಿನ ಹತ್ತಿ ಅಂಗಿ, ಕತ್ತು ಮುಚ್ಚುವ ಬಟ್ಟೆ, ಕೈಗವಸು ಹಾಕಿಕೊಳ್ಳಿ. ಬಂದ ಕೂಡಲೇ ಮುಖ ತೊಳೆದು, ಬಟ್ಟೆ ಬದಲಿಸಿ, ಹೊಲದ ಬಟ್ಟೆಯನ್ನು ಬೇರೆಯಾಗಿ ನೆನೆಹಾಕಿ. ಮತ್ತೊಂದು, ಒಗೆದ ಬಟ್ಟೆಯನ್ನು ಬೇಲಿಯ ಮೇಲೆ, ಗಿಡಗಳ ಮೇಲೆ ಒಣಹಾಕುವ ಅಭ್ಯಾಸ ನಮ್ಮಲ್ಲಿದೆ. ಒಬ್ಬ ತಾಯಿಯ ಮುಖದ ಇಸುಬು ಯಾವ ಔಷಧಿಗೂ ಬಗ್ಗದೆ ಇದ್ದದ್ದು, ದುಪಟ್ಟಾ ಒಣಹಾಕುವ ಜಾಗ ಬದಲಿಸಿದ ಮೇಲೆ ಅರ್ಧಕ್ಕರ್ಧ ಇಳಿಯಿತು. ಆಕೆ ಬೇಲಿಯೆಂದು ಬಟ್ಟೆ ಹಾಕುತ್ತಿದ್ದುದು ಎದೆಯೆತ್ತರದ ಪಾರ್ಥೇನಿಯಂ ಮೇಲೆ!

ಕಳೆ ಕೀಳುವುದಾದರೆ ಹೂ ಬಿಡುವ ಮೊದಲೇ, ನೆಲ ಹಸಿಯಿದ್ದಾಗ, ಬೇರು ಸಮೇತ ಕೀಳಬೇಕು. ಅಲರ್ಜಿ ಇರುವವರು ಆ ಕೆಲಸಕ್ಕೆ ಹೋಗಲೇಬಾರದು. ಒಣಗಿದ್ದನ್ನು ಸುಡಬೇಡಿ. ಖಾಲಿ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಪಾರ್ಥೇನಿಯಂಗೆ ಪೈಪೋಟಿ ಕೊಡುತ್ತದೆ. ಮಸೀದಿ, ಮದರಸಾ, ಖಬರಸ್ತಾನದ ಆವರಣಗಳಲ್ಲಿ ಮೊಹಲ್ಲಾದ ಯುವಕರು ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಈ ಕೆಲಸ ಮಾಡಬಹುದು.

ನಾನೇ ಮಾಡಿದ ತಪ್ಪು

ವೃತ್ತಿಯ ಆರಂಭದಲ್ಲಿ ಇಂಥ ಒಬ್ಬ ರೈತ ನನ್ನ ಬಳಿ ಬಂದಿದ್ದರು. ಕಾಲೇಜಿನಲ್ಲಿ ಕಲಿತಂತೆ ರಕ್ತಶೋಧಕವೆಂದು ಗುಲ್-ಎ-ಮುಂಡಿ ಸೇರಿದ ಕಷಾಯ ಕೊಟ್ಟೆ, ಒರಟಾದ ಚರ್ಮಕ್ಕೆ ರೋಗನ್-ಎ-ಬಾಬೂನಾ ಹಚ್ಚಲು ಹೇಳಿದೆ. ವಾರದಲ್ಲಿ ಅವರ ಮುಖ ಗುರುತು ಸಿಗದಷ್ಟು ಊದಿತ್ತು. ನಾನು ಔಷಧಿಯ ಪ್ರಮಾಣ ಹೆಚ್ಚಿಸಿದೆ! ಮತ್ತೆ ಕೆಟ್ಟ ಮೇಲೆ ಮೈಸೂರಿಗೆ ಕಳಿಸಿದೆ. ಅಲ್ಲಿಯ ಚರ್ಮತಜ್ಞರು ಫೋನಿನಲ್ಲಿ ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ಮುಂಡಿ ಯಾವ ಕುಟುಂಬದ ಗಿಡ?" ಪುಸ್ತಕ ತೆಗೆದು ನೋಡಿದೆ. ಪಾರ್ಥೇನಿಯಂನದೇ ಕುಟುಂಬ. ಬಾಬೂನಾ, ಅಫ್ಸಂತೀನ್, ಕಾಸ್ನಿ ಎಲ್ಲವೂ ಅದೇ ಕುಟುಂಬ.

ಆ ದಿನದಿಂದ ಪಾರ್ಥೇನಿಯಂ ಅಲರ್ಜಿಯ ಅನುಮಾನವಿದ್ದರೆ ಈ ನಾಲ್ಕನ್ನೂ ನಾನು ಕೊಡುವುದಿಲ್ಲ, ಹಚ್ಚಲೂ ಹೇಳುವುದಿಲ್ಲ. ಯುನಾನಿ ಔಷಧಿ ತೆಗೆದುಕೊಳ್ಳುವ ಓದುಗರೂ ನಿಮ್ಮ ಹಕೀಮರಿಗೆ ಮೊದಲೇ ಹೇಳಿ: "ನನಗೆ ಕಾಂಗ್ರೆಸ್ ಗಿಡ ಆಗುವುದಿಲ್ಲ." ಗಿಡಮೂಲಿಕೆ ಎಂದಾಕ್ಷಣ ನಿರಪಾಯ ಎಂಬ ನಂಬಿಕೆ ನನ್ನಲ್ಲೂ ಇತ್ತು. ಅದರ ಬೆಲೆ ತೆತ್ತದ್ದು ಮಾತ್ರ ಆ ರೈತ.

ಮನೆಯೊಳಗಿನ ಕಾರಣಗಳು

ಹೆಂಗಸರ ಕೈಯ ಇಸುಬಿಗೆ ಪಾತ್ರೆ ಪುಡಿ, ಬಟ್ಟೆ ಸೋಪು, ನೆಲ ಒರೆಸುವ ಫಿನಾಯಿಲ್ ದೊಡ್ಡ ಕಾರಣ. ನಮ್ಮ ಕಡೆ ಕೊಳವೆಬಾವಿಯ ನೀರು ಗಡಸು. ನೊರೆ ಬರಲೆಂದು ಇನ್ನಷ್ಟು ಸೋಪು ಹಾಕುತ್ತೇವೆ, ಕೈ ಇನ್ನಷ್ಟು ಬಿರಿಯುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಣಗಿ ಸೀಳಿದ್ದರೆ ಬೆಳ್ಳುಳ್ಳಿಯನ್ನು ನೆನಪಿಸಿಕೊಳ್ಳಿ. ಬಲಗೈಯಲ್ಲಿ ಚಾಕು ಹಿಡಿದು ಎಡಗೈಯಲ್ಲಿ ಬೆಳ್ಳುಳ್ಳಿ ಹಿಡಿಯುವವರಿಗೆ ಅದು ಹಾಗೆಯೇ ಬರುವುದು. ಮದುವೆ ಬಿರಿಯಾನಿಗೆ ಕಿಲೋಗಟ್ಟಲೆ ಸುಲಿಯುವ ಬಾವರ್ಚಿಗಳಲ್ಲಿ ಇದನ್ನು ನೋಡಿದ್ದೇನೆ. ಕೈಗವಸು ಹಾಕುವುದಾದರೆ ಒಳಗೆ ತೆಳು ಹತ್ತಿಯದು, ಮೇಲೆ ರಬ್ಬರಿನದು. ಬರೀ ರಬ್ಬರ್ ಹಾಕಿದರೆ ಬೆವರಿ ಇನ್ನೂ ಕೆಡುತ್ತದೆ.

ಗಾರೆ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮಿಯಂ. ಸ್ಕಾರ್ಫಿನ ಪಿನ್ನು, ಅಗ್ಗದ ಓಲೆ, ವಾಚಿನ ಹಿಂಬದಿಯಲ್ಲಿರುವ ನಿಕಲ್. ಕತ್ತಿಗೆ ನೇರವಾಗಿ ಹಚ್ಚುವ ಅತ್ತರು. ಅತ್ತರು ಬೇಕಿದ್ದರೆ ಬಟ್ಟೆಗೆ ಹಚ್ಚಿ.

ಮೆಹಂದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೋರಂಟಿ ಎಲೆಯ ಬಣ್ಣ ಕಿತ್ತಳೆಯಿಂದ ಕಂದು, ಅದು ಏರಲು ಗಂಟೆಗಳು ಬೇಕು. ಅರ್ಧ ಗಂಟೆಯಲ್ಲಿ ಕಪ್ಪಗೆ ಹತ್ತುವ 'ಕಾಲಿ ಮೆಹಂದಿ' ಕೋನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ. ಈದ್ ಹಿಂದಿನ ರಾತ್ರಿ ಹಚ್ಚಿದ ಚಿತ್ತಾರ ಎರಡು ಮೂರು ದಿನಗಳಲ್ಲಿ ಅದೇ ಆಕಾರದ ಗುಳ್ಳೆಗಳಾಗಿ ಏಳುತ್ತದೆ. ಹೂವಿನ ಬಳ್ಳಿ ಬರೆದಿದ್ದರೆ ಗುಳ್ಳೆಯ ಬಳ್ಳಿ! ಚಿಕ್ಕ ಹುಡುಗಿಗೆ ಹೀಗೆ ಒಮ್ಮೆ ಆದರೆ, ಮುಂದೆ ಅವಳು ಯಾವತ್ತಾದರೂ ಕೂದಲಿಗೆ ಬಣ್ಣ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಗಡ್ಡಕ್ಕೆ ಕಪ್ಪು ಬಣ್ಣ ಹಚ್ಚಿ ಕೆನ್ನೆ ಸೋರಿಸಿಕೊಂಡು ಬರುವ ಹಿರಿಯರೂ ಕಡಿಮೆಯೇನಲ್ಲ. ಮನೆಯಲ್ಲಿ ಎಲೆ ಅರೆದು ಹಚ್ಚಿ, ಅದು ತಡವಾಗಿ ಹತ್ತಲಿ.

ಕಾರಣ ಯಾವುದೆಂದು ಗೊತ್ತಾಗದಿದ್ದರೆ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆಯಿದೆ. ಅನುಮಾನದ ವಸ್ತುಗಳನ್ನು ಬೆನ್ನಿಗೆ ಸಣ್ಣ ಪಟ್ಟಿಯಲ್ಲಿ ಅಂಟಿಸಿ ಎರಡು ದಿನದ ನಂತರ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು. ವುಝೂಗೆ ಅದರಿಂದ ತೊಂದರೆಯಿಲ್ಲ, ಸ್ನಾನದ ಲೆಕ್ಕ ಮಾತ್ರ ಮೊದಲೇ ಹಾಕಿಕೊಂಡು ಹೋಗಿ.

ನೀರು, ವುಝೂ ಮತ್ತು ಎಣ್ಣೆ

'ದಿನಕ್ಕೆ ಐದು ಸಲ ವುಝೂ ಮಾಡುತ್ತೇನೆ, ಅದರಿಂದಲೇ ಒಣಗುತ್ತಿದೆಯಾ?' ಎಂದು ಸಂಕೋಚದಿಂದ ಕೇಳುವವರಿದ್ದಾರೆ. ನೀರು ಆವಿಯಾಗುವಾಗ ಚರ್ಮದ ತೇವವನ್ನೂ ಎಳೆದುಕೊಂಡು ಹೋಗುತ್ತದೆ, ಅದು ನಿಜ. ಆದರೆ ವುಝೂಗೆ ಸೋಪು ಬೇಕಿಲ್ಲ, ಬಿಸಿನೀರೂ ಬೇಕಿಲ್ಲ, ಬಹಳ ನೀರೂ ಬೇಕಿಲ್ಲ. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಜೋಡಿಸಿದ ಒಂದು ಬೊಗಸೆಯ ಅಳತೆ. ನಾವು ನಲ್ಲಿ ತಿರುಗಿಸಿ ಬಿಟ್ಟು ಬಕೆಟ್ ನೀರು ಹರಿಸುತ್ತೇವೆ. ತೊಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ, ಬೆರಳ ಸಂದು ಒಣಗಿಸಿ, ಇನ್ನೂ ತುಸು ತೇವವಿರುವಾಗಲೇ ಎಣ್ಣೆ ಅಥವಾ ಮುಲಾಮು ಹಚ್ಚಿ. ನಾನು ರೋಗಿಗಳಿಗೆ ಹೇಳುವುದು ಇಷ್ಟು: ಮುಸಲ್ಲಾದ ಪಕ್ಕದಲ್ಲಿ ಒಂದು ಡಬ್ಬಿ ಇಡಿ. ಐದು ಸಲ ವುಝೂ ಎಂದರೆ ಐದು ಸಲ ಎಣ್ಣೆಯ ನೆನಪು. ಇಷ್ಟು ಚೆನ್ನಾದ ವೇಳಾಪಟ್ಟಿಯನ್ನು ಯಾವ ವೈದ್ಯನೂ ಬರೆದುಕೊಡಲಾರ.

ಮುಂದಿನ ವುಝೂಗೆ ಎಣ್ಣೆಯ ಜಿಡ್ಡು ಅಡ್ಡಿಯೇ? ಚರ್ಮದಲ್ಲಿ ಇಂಗಿದ ಎಣ್ಣೆಯಿಂದ ತೊಂದರೆಯಿಲ್ಲವೆಂದೇ ಉಲಮಾಗಳು ಹೇಳುತ್ತಾರೆ. ನೀರು ತಾಗದಂತೆ ದಪ್ಪ ಪದರವಾಗಿ ಕುಳಿತ ವ್ಯಾಸಲೀನನ್ನು ಮಾತ್ರ ಮೊದಲು ಬಟ್ಟೆಯಿಂದ ಒರೆಸಿಕೊಳ್ಳಿ. ದಪ್ಪಗೆ ಹಚ್ಚುವುದನ್ನು ಇಶಾ ಬಳಿಕ ಮಲಗುವ ಹೊತ್ತಿಗೆ ಇಟ್ಟುಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ. ಚರ್ಮ ಒಡೆದು ಸೋರುತ್ತಿದ್ದು ನೀರು ತಾಗಿದರೆ ಹೆಚ್ಚುವುದೆಂದು ವೈದ್ಯರು ಹೇಳಿದ್ದರೆ, ಕಟ್ಟಿದ ಪಟ್ಟಿಯ ಮೇಲೆ ಮಸಹ್ ಮಾಡುವ, ಅಗತ್ಯವಿದ್ದರೆ ತಯಮ್ಮುಮ್ ಮಾಡುವ ರಿಯಾಯಿತಿ ಇದೆ. ರೋಗಿಗೆ ತಯಮ್ಮುಮ್‌ನ ಅನುಮತಿ ಕುರ್‌ಆನ್‌ನಲ್ಲೇ ಇದೆ. ನಿಮ್ಮ ಸ್ಥಿತಿಯನ್ನು ವಿವರವಾಗಿ ಹೇಳಿ ನಿಮ್ಮ ಆಲಿಮರನ್ನು ಕೇಳಿ. ರೋಝಾದಲ್ಲಿ ಚರ್ಮಕ್ಕೆ ಮುಲಾಮು ಹಚ್ಚಿದರೆ ಉಪವಾಸ ಮುರಿಯುವುದಿಲ್ಲ. ರಮಝಾನ್ ಪೂರ್ತಿ ಮುಲಾಮು ಬಿಟ್ಟು ಈದ್ ದಿನ ರಕ್ತ ಬರುವಷ್ಟು ಕೆರೆದುಕೊಂಡು ಬಂದವರನ್ನು ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹಜ್, ಉಮ್ರಾಕ್ಕೆ ಹೋಗುವವರು ಇಹ್ರಾಮ್‌ನಲ್ಲಿ ಬಳಸಲು ಸುವಾಸನೆಯಿಲ್ಲದ ಮುಲಾಮನ್ನು ಇಲ್ಲಿಂದಲೇ ಒಯ್ಯಿರಿ.

ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಹತ್ತು ನಿಮಿಷದೊಳಗೆ. ಬಂಡೀಪುರದ ಕಡೆಯಿಂದ ಚಳಿಗಾಳಿ ಬೀಸುವ ಡಿಸೆಂಬರ್, ಜನವರಿಯಲ್ಲಿ ಹಂಡೆಯ ಕುದಿನೀರು ಸುರಿದುಕೊಂಡರೆ ತುರಿಕೆ ಆ ಕ್ಷಣಕ್ಕೆ ಹಿತವಾಗಿ ನಿಲ್ಲುತ್ತದೆ, ಅರ್ಧ ಗಂಟೆಯಲ್ಲಿ ದುಪ್ಪಟ್ಟಾಗಿ ಮರಳುತ್ತದೆ. ಸೋಪು ಕಂಕುಳು, ತೊಡೆ ಸಂದು, ಪಾದಕ್ಕೆ ಸಾಕು. ಇಸುಬಿನ ಮೇಲೆ ಬೇಡ. ಕಡಲೆಹಿಟ್ಟು ತಿಕ್ಕುವುದೂ ಬೇಡ. ಎಣ್ಣೆಗಳಲ್ಲಿ ಒಣ ಇಸುಬಿಗೆ ಶುದ್ಧ ಕೊಬ್ಬರಿ ಎಣ್ಣೆ ಒಳ್ಳೆಯದು, ನಮಗೆ ಸುಲಭವಾಗಿ ಸಿಗುತ್ತದೆ. ಚಳಿಗಾಲದಲ್ಲಿ ಅದು ಸಾಲದು, ವ್ಯಾಸಲೀನ್‌ನಂಥ ದಪ್ಪನೆಯದು ಬೇಕು. ಎರಡಕ್ಕೂ ದುಬಾರಿ ಹೆಸರುಗಳ ಅಗತ್ಯವಿಲ್ಲ, ಧಾರಾಳವಾಗಿ ಹಚ್ಚುವ ಕೈ ಇರಬೇಕು. ಚಿಕ್ಕ ಡಬ್ಬಿ ತಿಂಗಳಿಡೀ ಬಂದರೆ ನೀವು ಹಚ್ಚುತ್ತಿರುವುದು ಕಡಿಮೆಯೆಂದೇ ಅರ್ಥ.

ಬಟ್ಟೆಯ ವಿಷಯದಲ್ಲಿ ಒಂದು ಹದೀಸ್ ನನಗೆ ಬಹಳ ಹಿಡಿಸಿದ್ದು. ಗಂಡಸರಿಗೆ ರೇಷ್ಮೆ ನಿಷಿದ್ಧವಲ್ಲವೇ? ಆದರೂ ಝುಬೈರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಮೈ ತುರಿಕೆಯಿದ್ದಾಗ ರೇಷ್ಮೆ ಧರಿಸಲು ಪ್ರವಾದಿ(ಸ)ಯವರು ಅನುಮತಿ ಕೊಟ್ಟರೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ತುರಿಕೆ ಎಂಬ ಸಂಕಟವನ್ನು 'ಇಷ್ಟೇ ತಾನೇ' ಎಂದು ತಳ್ಳಿಹಾಕಲಿಲ್ಲ. ಹಾಗೆಂದು ಎಲ್ಲರೂ ಕೊಳ್ಳೇಗಾಲಕ್ಕೆ ಹೊರಡಬೇಕಿಲ್ಲ. ಚರ್ಮಕ್ಕೆ ಬೇಕಾದದ್ದು ನುಣುಪು. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಸಾಕು. ಉಣ್ಣೆ ಸ್ವೆಟರ್ ನೇರ ಮೈಗೆ ಬೇಡ, ಬುರ್ಖಾದ ನೈಲಾನ್ ಬಟ್ಟೆಯ ಒಳಗೆ ಹತ್ತಿಯ ಉದ್ದ ತೋಳಿನದು ಇರಲಿ.

ಆಹಾರ ಮತ್ತು ನಂಜು

ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬಳು ಬಂದಿದ್ದಳು. ಮಗುವಿಗೆ ಇಸುಬು. ನಂಜು ಎಂದು ಮೊಟ್ಟೆ, ಮೀನು, ಮಾಂಸ, ಬದನೆ, ಕಡಲೆಕಾಯಿ, ಹಾಲು ಎಲ್ಲ ನಿಲ್ಲಿಸಿದ್ದರು. ಮೊಲೆಹಾಲಿನಲ್ಲಿ ನಂಜು ಇಳಿಯುತ್ತದೆಂದು ಅತ್ತೆ ಅವಳಿಗೂ ಗಂಜಿ, ಉಪ್ಪು, ತಿಳಿಸಾರು ಅಷ್ಟೇ ಕೊಡುತ್ತಿದ್ದರು. ಮಗುವಿನ ಇಸುಬು ಹಾಗೇ ಇತ್ತು. ಮಗುವಿನ ತೂಕ ಇಳಿದಿತ್ತು, ತಾಯಿಯ ರೆಪ್ಪೆಯ ಒಳಭಾಗ ಕಾಗದದಂತೆ ಬಿಳಿಚಿತ್ತು. ಅತ್ತೆಗೆ ಮೊಮ್ಮಗನ ಮೇಲೆ ಪ್ರೀತಿಯೇ ಹೊರತು ಬೇರೇನಿಲ್ಲ. ಆದರೂ ಆ ಮನೆಯಲ್ಲಿ ಇಬ್ಬರು ಸೊರಗುತ್ತಿದ್ದರು.

ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಮೊಟ್ಟೆ, ಹಾಲು, ಕಡಲೆಕಾಯಿಯ ಅಲರ್ಜಿ ನಿಜಕ್ಕೂ ಇರುತ್ತದೆ. ಅಂಥವರಲ್ಲಿ ತಿಂದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ತುಟಿ ಊದುವುದು, ದದ್ದು ಏಳುವುದು, ವಾಂತಿ ಕಾಣುತ್ತದೆ. ಹಾಗೆ ಆದರೆ ಆ ಒಂದು ವಸ್ತುವನ್ನು ಬಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಓಡಿ. ಉಳಿದ ಬಹುತೇಕರಲ್ಲಿ ಪಥ್ಯದಿಂದ ಇಸುಬು ವಾಸಿಯಾಗುವುದಿಲ್ಲ. ನಮ್ಮ ಯುನಾನಿಯಲ್ಲೂ ಖಿಲ್ತ್, ಮಿಝಾಜ್ ಲೆಕ್ಕದಲ್ಲಿ ಪಥ್ಯ ಹೇಳುತ್ತೇವೆ, ನಾನೂ ದೊಡ್ಡವರಿಗೆ ಅತಿ ಖಾರ, ಉಪ್ಪಿನಕಾಯಿ ಸ್ವಲ್ಪ ದಿನ ಕಡಿಮೆ ಮಾಡಿ ಎನ್ನುತ್ತೇನೆ. ಮಗುವಿನ ಮೊಟ್ಟೆ ಮತ್ತು ಬಾಣಂತಿಯ ಮಾಂಸವನ್ನು ಮಾತ್ರ ಯಾರ ಮಾತಿಗೂ ನಿಲ್ಲಿಸಲು ಹೇಳುವುದಿಲ್ಲ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಚಳಿಗಾಲದಲ್ಲಿ ಮೊಣಕಾಲ ಹಿಂದೆ ಸ್ವಲ್ಪ ತುರಿಸುತ್ತದೆ, ಅಷ್ಟೇ.

ಟ್ಯೂಬುಗಳು, ಪುಡಿಗಳು

ಮೆಡಿಕಲ್ ಅಂಗಡಿಯಲ್ಲಿ 'ತುರಿಕೆಗೆ ಏನಾದರೂ ಕೊಡಿ' ಎಂದು ತಂದ ಟ್ಯೂಬು ಹಚ್ಚಿದ ಮೂರೇ ದಿನಕ್ಕೆ ಮಾಯವಾದಂತೆ ಕಾಣುತ್ತದೆ. ಅಂಥ ಹಲವು ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಕಲಸಿರುತ್ತಾರೆ. ಗಜಕರ್ಣಕ್ಕೆ ಹಚ್ಚಿದರೆ ಉಂಗುರ ಅಳಿಸಿ ರೋಗ ಒಳಗೊಳಗೇ ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮೊಡವೆ, ರೋಮ ಬರುತ್ತದೆ, ಬಿಟ್ಟರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಮಾಡಿತು. ಕೌಂಟರಿನಲ್ಲಿ ಏನಾಗುತ್ತಿದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಹಾಗಂತ ಸ್ಟೀರಾಯ್ಡ್ ವಿಷವಲ್ಲ. ಚರ್ಮತಜ್ಞರು ಬರೆದುಕೊಟ್ಟ ಬಲದ್ದನ್ನು, ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಕೆರಳಿದ ಇಸುಬಿಗೆ ಅದರಷ್ಟು ಬೇಗ ಕೆಲಸ ಮಾಡುವುದು ಕಡಿಮೆ. ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಾನು ಆ ಮುಲಾಮು ಬರೆಯುವುದಿಲ್ಲ, ನನ್ನ ಪದ್ಧತಿ ಬೇರೆ. ಬೇಕಾದವರನ್ನು ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳಿಸುತ್ತೇನೆ. ಕಳಿಸುವುದಕ್ಕೆ ನಾಚಿಕೆಯಿಲ್ಲ.

ನನ್ನ ಪದ್ಧತಿಯಲ್ಲಿ ಶಾಹ್ತರಾ, ಚಿರಾಯತಾ, ಉನ್ನಾಬ್ ಮುಂತಾದವನ್ನು ರೋಗಿಯ ಮಿಝಾಜ್ ನೋಡಿ ಕೊಡುತ್ತೇನೆ. ಹಳೆಯ, ಒಣ ಇಸುಬಿನಲ್ಲಿ ತುರಿಕೆ ಕಡಿಮೆಯಾದವರಿದ್ದಾರೆ, ಏನೂ ಆಗದವರೂ ಇದ್ದಾರೆ. ಅವು ಎಣ್ಣೆ ಹಚ್ಚುವುದಕ್ಕೂ ಕಾರಣ ಬಿಡುವುದಕ್ಕೂ ಬದಲಿಯಲ್ಲ. ಗರ್ಭಿಣಿಯರು, ಕಿಡ್ನಿ, ಲಿವರ್ ತೊಂದರೆಯವರು ಕೇಳದೆ ತೆಗೆದುಕೊಳ್ಳಬಾರದು. ಹೆಸರು, ಲೈಸೆನ್ಸ್ ಸಂಖ್ಯೆ, ತಯಾರಿಕೆಯ ದಿನಾಂಕ ಇಲ್ಲದ ಪೊಟ್ಟಣದ ಪುಡಿಯನ್ನು, ಕೊಡುವವರು ಎಷ್ಟೇ ಗಡ್ಡ ಬಿಟ್ಟಿರಲಿ, ತೆಗೆದುಕೊಳ್ಳಬೇಡಿ. ಎರಡೇ ದಿನಕ್ಕೆ ಪವಾಡದಂತೆ ಗುಣವಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರುವ ಅನುಮಾನ ನನಗೆ ಬರುತ್ತದೆ. ಹಿಜಾಮ ಮಾಡಿಸಿಕೊಳ್ಳುವವರು ಒಡೆದ, ಸೋರುವ ಚರ್ಮದ ಮೇಲೆ ಮಾಡಿಸಬೇಡಿ, ಬ್ಲೇಡು, ಕಪ್ಪು ಹೊಸದೇ ಎಂದು ಕಣ್ಣಾರೆ ನೋಡಿ. ಕೇರುಬೀಜದ ಎಣ್ಣೆ ಸುಟ್ಟು ಹಾಕಿಸಿಕೊಂಡು ಬಂದವರ ಗಾಯ ಮಾತ್ರ ದೇವರು ಯಾರಿಗೂ ಕೊಡದಿರಲಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಇಸುಬಿನ ಮೇಲೆ ಜೇನಿನ ಬಣ್ಣದ ಹಕ್ಕಳೆ, ಕೀವು, ಜ್ವರ ಬಂದರೆ ಸೋಂಕು ತಗುಲಿದೆ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ತೂತು ಕೊರೆದಂತೆ ಹುಣ್ಣಾಗಿ ವೇಗವಾಗಿ ಹರಡಿ ನೋಯುತ್ತಿದ್ದರೆ ಅದು ಹರ್ಪಿಸ್ ಇರಬಹುದು, ಮಕ್ಕಳಲ್ಲಿ ಅದೇ ದಿನ ಚಿಕಿತ್ಸೆ ಬೇಕು. ಆದ್ದರಿಂದ ತುಟಿಯ ಮೇಲೆ ಜ್ವರಗುಳ್ಳೆ ಎದ್ದವರು ಇಸುಬಿರುವ ಮಗುವಿಗೆ ಮುತ್ತು ಕೊಡಬಾರದು, ಅಜ್ಜಿಯಾದರೂ ಸರಿ. ಮೈಯೆಲ್ಲ ಕೆಂಪಾಗಿ ಹೊಟ್ಟು ಉದುರಿ ಚಳಿಯಾದರೆ, ಕಣ್ಣಿನ ಸುತ್ತ ಊದಿ ದೃಷ್ಟಿ ಮಂಜಾದರೆ ಕೂಡ ಹಾಗೆಯೇ.

ಇವತ್ತಿನಿಂದ ಶುರುಮಾಡುವುದಾದರೆ, ಮಗುವಿನ ಉಗುರು ಕತ್ತರಿಸಿ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆಸಿ, ತೇವವಿರುವಾಗಲೇ ಎಣ್ಣೆ ಹಚ್ಚಿ, ಹಳೆಯ ಹತ್ತಿ ಬನಿಯನ್ ಹಾಕಿ ಮಲಗಿಸಿ. ತುರಿಕೆ ಎದ್ದಾಗ 'ಕೆರೆಯಬೇಡ' ಎಂದು ಗದರಬೇಡಿ, ಅದು ಮಗುವಿನ ಕೈಯಲ್ಲಿಲ್ಲ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗದ ಮೇಲೆ ಸ್ವಲ್ಪ ಹೊತ್ತು ಇಡಿ, ಮತ್ತೆ ಎಣ್ಣೆ ಹಚ್ಚಿ. ಒಂದು ಹಾಳೆಯಲ್ಲಿ ಎರಡು ವಾರ ಬರೆದಿಡಿ: ಯಾವ ದಿನ ಹೆಚ್ಚಾಯಿತು, ಅಂದು ಎಲ್ಲಿಗೆ ಹೋಗಿದ್ದಿರಿ, ಏನು ಮುಟ್ಟಿದಿರಿ, ಯಾವ ಸೋಪು, ಯಾವ ಬಟ್ಟೆ. ವೈದ್ಯರ ಬಳಿ ಬರುವಾಗ ಆ ಹಾಳೆಯನ್ನೂ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳ ಖಾಲಿ ಕವರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.